ಗಾಯ ಮಾಯೋದು ಬೇರೆ, ಮಾಯವಾಗೋದು ಬೇರೆ

ಒಂದೇ ಮಾಂಗಾದ ಬಗ್ಗೆ ಐದು ಜನಕ್ಕೆ ಏಳು ಅಭಿಪ್ರಾಯ ಇರಬಹುದು ಅನ್ನೋದು ನಮಗೆ ಈ ಸೆಮಿಸ್ಟರ್‌ನಲ್ಲಿ ಗೊತ್ತಾಯಿತು. ಮಾಂಗಾದ ಹೆಸರು ‘ದ ರಾಂಗ್ ವೇ ಟು ಯೂಸ್ ಹೀಲಿಂಗ್ ಮ್ಯಾಜಿಕ್’. ಐದು ಜನ ಅಂದರೆ ನಾವು, ಎರಡನೇ ವರ್ಷದವರು. ಹೆಸರು ಬೇಡ, ಬ್ರ್ಯಾಂಚ್ ಸಾಕು ಅಂತ ತೀರ್ಮಾನ ಆಗಿದೆ: ಮೆಕ್ಯಾನಿಕಲ್, ಸಿಎಸ್, ಇಸಿ, ಸಿವಿಲ್, ಬಯೋಟೆಕ್. ಐವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕನ್ನಡ ಮನೆಯಲ್ಲಿ ಆಡಿದ್ದು, ಕ್ಯಾಂಟೀನ್‌ನಲ್ಲಿ ಬೈದಾಡಿದ್ದು, ಪರೀಕ್ಷೆಯಲ್ಲಿ ಎರಡನೇ ಭಾಷೆಯಾಗಿ ಬರೆದದ್ದು. ಹಾಗಾಗಿ ಈ ಲೇಖನವನ್ನು ಐವರೂ ಮಾತಾಡಿ, ಒಬ್ಬರು ಟೈಪ್ ಮಾಡಿದ್ದೇವೆ. ‘ನಾವು’ ಅಂದ ಕಡೆ ಐವರೂ ಒಪ್ಪಿದ್ದು ಅಂತ ತಿಳ್ಕೊಳ್ಳಿ. ಒಪ್ಪದೇ ಇದ್ದದ್ದನ್ನು ಬ್ರ್ಯಾಂಚ್ ಸಮೇತ ಬರೆದಿದ್ದೇವೆ.

ಓದದವರಿಗೆ ಕಥೆ ಚಿಕ್ಕದಾಗಿ. ಸ್ಪಾಯ್ಲರ್ ಬೇಡ ಅನ್ನೋರು ಎರಡು ಪ್ಯಾರಾ ಹಾರಿಸಿ.

ಉಸಾತೊ ಕೆನ್ ಅನ್ನೋ ಹೈಸ್ಕೂಲ್ ಹುಡುಗ. ಯಾವುದರಲ್ಲೂ ಮೊದಲಿಗನಲ್ಲ, ಯಾವುದರಲ್ಲೂ ಕೊನೆಯವನಲ್ಲ. ಒಂದು ಮಳೆಯ ದಿನ ಸ್ಕೂಲಿನ ಇಬ್ಬರು ಸ್ಟಾರ್‌ಗಳಾದ ಸುಝುನೆ ಮತ್ತು ಕಝುಕಿ ಜೊತೆ ಮನೆಗೆ ಹೋಗುವಾಗ ಮಾಯಾಚಕ್ರವೊಂದು ಮೂವರನ್ನೂ ಬೇರೆ ಲೋಕಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿನ ಲಿಂಗರ್ ರಾಜ್ಯಕ್ಕೆ ರಾಕ್ಷಸರಾಜನ ಸೈನ್ಯದ ಭಯ, ಕಾಪಾಡೋಕೆ ವೀರರು ಬೇಕು. ಕರೆದದ್ದು ಆ ಇಬ್ಬರು ಸ್ಟಾರ್‌ಗಳನ್ನು ಮಾತ್ರ. ಉಸಾತೊ ಕರೆಯೋಲೆ ಇಲ್ಲದೆ ಮದುವೆಗೆ ಬಂದ ಗೆಳೆಯನ ಗೆಳೆಯ ಇದ್ದ ಹಾಗೆ. ಶಕ್ತಿ ಪರೀಕ್ಷಿಸುವ ಹರಳಿನ ಮೇಲೆ ಕೈಯಿಟ್ಟರೆ ಸುಝುನೆಗೆ ಮಿಂಚಿನ ಶಕ್ತಿ, ಕಝುಕಿಗೆ ಬೆಳಕಿನ ಶಕ್ತಿ. ಉಸಾತೊ ಕೈಯಿಟ್ಟಾಗ ಹಸಿರು. ಹಸಿರು ಅಂದರೆ ಗಾಯ ವಾಸಿಮಾಡುವ ಶಕ್ತಿ. ಅರಮನೆಯವರು ಗಾಬರಿಯಾಗುತ್ತಾರೆ, ಯಾಕೆಂದರೆ ರಕ್ಷಣಾ ದಳದ ನಾಯಕಿ ರೋಸ್‌ಗೆ ಸುದ್ದಿ ಮುಟ್ಟಿದರೆ ಹುಡುಗನ ಕಥೆ ಮುಗೀತು. ಸುದ್ದಿ ಮುಟ್ಟುತ್ತದೆ. ಆಕೆ ಅವನನ್ನು ಹೆಗಲಿಗೆ ಹಾಕಿಕೊಂಡು ಹೊತ್ತೊಯ್ಯುತ್ತಾಳೆ.

ಆಮೇಲೆ ಶುರು ತಾಲೀಮು. ಓಡು. ಬಿದ್ದರೆ ನಿನ್ನನ್ನು ನೀನೇ ವಾಸಿ ಮಾಡಿಕೋ, ಎದ್ದು ಓಡು. ಬೆನ್ನ ಮೇಲೆ ಭಾರ ಹೊತ್ತು ಪುಶ್‌ಅಪ್ ಮಾಡು, ಸ್ನಾಯು ಹರಿದರೆ ವಾಸಿ ಮಾಡಿಕೋ, ಮತ್ತೆ ಮಾಡು. ಕೊನೆಗೆ ಬ್ಲೂರಿನ್ ಅನ್ನೋ ನೀಲಿ ಕರಡಿಮರಿಯನ್ನು ಬೆನ್ನಿಗೇರಿಸಿಕೊಂಡು ಊರೆಲ್ಲ ಓಡುವಷ್ಟು ಗಟ್ಟಿಯಾಗುತ್ತಾನೆ. ಉದ್ದೇಶ ಒಂದೇ: ಯುದ್ಧದ ನಡುವೆಯೇ ನುಗ್ಗಿ, ಗಾಯಗೊಂಡವರನ್ನು ಬಿದ್ದಲ್ಲೇ ವಾಸಿ ಮಾಡಿ, ಆಗದಿದ್ದರೆ ಹೊತ್ತು ತರಬೇಕು. ಕುರೊಕತಾ ಅನ್ನೋ ಲೇಖಕರ ವೆಬ್ ಕಾದಂಬರಿಯಿಂದ ಹುಟ್ಟಿದ ಕಥೆ ಇದು. ಮಾಂಗಾಕ್ಕೆ ಚಿತ್ರ ಬರೆದವರು ರೇಕಿ ಕುಗಯಾಮಾ. 2024ರ ಜನವರಿಯಲ್ಲಿ ಆ್ಯನಿಮೆ ಬಂದಮೇಲೆ ನಮ್ಮ ಹಾಸ್ಟೆಲ್‌ವರೆಗೂ ತಲುಪಿತು.

ಈಗ ಅಭಿಪ್ರಾಯಗಳು.

ಮೊದಲನೆಯದು ಸಿಎಸ್‌ನವನದು. ಅವನು ಯಾವ ಆಟ ಆಡಿದರೂ ಸಪೋರ್ಟ್ ರೋಲ್. ವಾಲರಂಟ್‌ನಲ್ಲಿ ಯಾವಾಗಲೂ ಸೇಜ್. “ಹೀಲರ್ ಅಂದ್ರೆ ಹಿಂದೆ ನಿಂತು ಹಸಿರು ಲೈಟ್ ಬಿಡೋನು ಅಂತ ಎಲ್ಲರ ತಲೇಲಿ ಕೂತಿದೆ. ಗೆದ್ರೆ ಹೆಸರು ಹೊಡೆದೋನಿಗೆ, ಸೋತ್ರೆ ‘ಹೀಲ್ ಯಾಕ್ ಕೊಡ್ಲಿಲ್ಲ’ ಅಂತ ನನಗೆ ಬೈಗುಳ” ಅನ್ನುತ್ತಾನೆ. ಅವನ ಮಾತಲ್ಲಿ ಇತಿಹಾಸವೂ ಇದೆ. 1987ರ ಮೊದಲ ಫೈನಲ್ ಫ್ಯಾಂಟಸಿಯಲ್ಲೇ ಬಿಳಿ ನಿಲುವಂಗಿಯ ವೈಟ್ ಮೇಜ್ ಇತ್ತು: ವಾಸಿ ಮಾಡೋ ಮಂತ್ರ ಜಾಸ್ತಿ, ಮೈಯಲ್ಲಿ ಬಲ ಕಮ್ಮಿ. ಮುಂದೆ ಬಂದ ಎಷ್ಟೋ ಆಟ, ಎಷ್ಟೋ ಮಾಂಗಾ ಆ ಅಚ್ಚಿನಲ್ಲೇ ಬಂದವು. ಈ ಕಥೆ ಆ ಅಚ್ಚನ್ನು ಒಡೆಯುವುದು ಒಂದೇ ಪ್ರಶ್ನೆಯಿಂದ. ಹೀಲರ್ ಸತ್ತರೆ ಹೀಲ್ ಮಾಡೋರು ಯಾರು? ಹಾಗಾದರೆ ಎಲ್ಲರಿಗಿಂತ ಗಟ್ಟಿಯಾಗಿ ಇರಬೇಕಾದವನು ಅವನೇ ಅಲ್ಲವಾ? ಶೀರ್ಷಿಕೆಯಲ್ಲಿರುವ ‘ತಪ್ಪು ಬಳಕೆ’ ಇದೇ. ಪ್ರಶ್ನೆ ಎಷ್ಟು ಸುಲಭ ಅಂದರೆ ಇಷ್ಟು ವರ್ಷ ಯಾರೂ ಯಾಕೆ ಕೇಳಲಿಲ್ಲ ಅನಿಸುತ್ತದೆ.

ಎರಡನೆಯದು ಇಸಿಯವಳದು. “ಇಲ್ಲಿ ಪ್ರಾಬ್ಲಮ್ ಪವರ್‌ದಲ್ಲ, ಲೇಟೆನ್ಸಿದು” ಅಂದಳು. ಎಷ್ಟೇ ದೊಡ್ಡ ವೈದ್ಯ ಇದ್ದರೂ ರೋಗಿ ಅವನ ಹತ್ತಿರ ಬರೋದಕ್ಕೆ ಮೂರು ಗಂಟೆ ಆದರೆ ಪ್ರಯೋಜನ ಇಲ್ಲ. ರೋಸ್‌ಳ ದಳದಲ್ಲಿ ಕೆಲಸ ಮೂರು ಭಾಗ ಆಗಿದೆ ಅನ್ನೋದನ್ನು ಮೊದಲು ಗಮನಿಸಿದ್ದೂ ಅವಳೇ. ದಾಂಡಿಗರಂಥ ಒಂದು ಗುಂಪು ಗಾಯಾಳುಗಳನ್ನು ಹೊತ್ತು ಶಿಬಿರಕ್ಕೆ ತರುತ್ತದೆ. ಅವರಿಗೆ ಮಂತ್ರ ಬರೋದಿಲ್ಲ. ಶಿಬಿರದಲ್ಲಿ ಒರ್ಗಾ, ಉರುರು ಅನ್ನೋ ಅಣ್ಣ ತಂಗಿ ಕೂತು ವಾಸಿ ಮಾಡುತ್ತಾರೆ. ಅವರಿಗೆ ಯುದ್ಧದಲ್ಲಿ ಓಡೋಕಾಗಲ್ಲ. ಓಡುತ್ತಾ ವಾಸಿ ಮಾಡೋರು ರೋಸ್ ಮತ್ತು ಉಸಾತೊ. ಇದು ಬರೀ ಮಂತ್ರದ ಕಥೆಯಲ್ಲ, ಇದೊಂದು ಸಿಸ್ಟಮ್ ಡಿಸೈನ್ ಅನ್ನೋದು ಅವಳ ವಾದ.

ಲೋಕದ ಇತಿಹಾಸದಲ್ಲೂ ಇದು ಹೀಗೇ ನಡೆದಿದೆ. 1790ರ ದಶಕದಲ್ಲಿ ಫ್ರಾನ್ಸ್ ಸೈನ್ಯದ ಸರ್ಜನ್ ಡೊಮಿನಿಕ್ ಜೀನ್ ಲಾರೆ ನೋಡಿದ್ದು ಏನೆಂದರೆ, ಯುದ್ಧ ಮುಗಿಯುವ ತನಕ ಗಾಯಾಳುಗಳು ಬಿದ್ದಲ್ಲೇ ಇರುತ್ತಿದ್ದರು, ಆಸ್ಪತ್ರೆ ಗಾಡಿಗಳು ದೂರ ಹಿಂದೆ ನಿಂತಿರುತ್ತಿದ್ದವು. ಆತ ಹಗುರವಾದ ಕುದುರೆಗಾಡಿಗಳನ್ನು ಮಾಡಿಸಿ ಯುದ್ಧ ನಡೆಯುವಾಗಲೇ ಗಾಯಾಳುಗಳನ್ನು ಎತ್ತಿ ತರಿಸಿದ. ಅವುಗಳ ಹೆಸರೇ ಹಾರುವ ಆಂಬ್ಯುಲೆನ್ಸ್. ಗಾಯ ಎಷ್ಟು ದೊಡ್ಡದು ಅಂತ ನೋಡಿ ಚಿಕಿತ್ಸೆ, ಹುದ್ದೆ ಎಷ್ಟು ದೊಡ್ಡದು ಅಂತ ನೋಡಿ ಅಲ್ಲ ಅನ್ನೋ ನಿಯಮವನ್ನೂ ಪಾಲಿಸಿದ. 1859ರಲ್ಲಿ ಇಟಲಿಯ ಸಾಲ್ಫೆರಿನೊದಲ್ಲಿ ಬಿದ್ದಲ್ಲೇ ನರಳುತ್ತಿದ್ದ ಸಾವಿರಾರು ಸೈನಿಕರನ್ನು ಕಂಡು ಹೆನ್ರಿ ಡ್ಯುನಾಂಟ್ ಕಂಗೆಟ್ಟದ್ದು, ಅದರಿಂದ 1863ರಲ್ಲಿ ರೆಡ್‌ಕ್ರಾಸ್ ಹುಟ್ಟಿದ್ದು ಮುಂದಿನ ಅಧ್ಯಾಯ. ನಾವು ಇವತ್ತು 108 ಒತ್ತಿದರೆ ಗಾಡಿಯೇ ನಮ್ಮ ಹತ್ತಿರ ಬರುವುದೂ ಅದೇ ಯೋಚನೆಯ ಮರಿ. ಚಿಕಿತ್ಸೆಯನ್ನು ಗಾಯದ ಹತ್ತಿರ ಒಯ್ಯೋದು. ಉಸಾತೊ ಅಂದರೆ ಎರಡು ಕಾಲಿನ 108.

ಮೂರನೆಯ ಅಭಿಪ್ರಾಯದಿಂದ ಜಗಳ ಶುರುವಾಯಿತು. ಮೆಕ್ಯಾನಿಕಲ್‌ನವನಿಗೆ ತಾಲೀಮಿನ ಲಾಜಿಕ್ಕೇ ಒಪ್ಪಿಗೆ ಇಲ್ಲ. ಮೆಟೀರಿಯಲ್ಸ್ ಲ್ಯಾಬ್ ಮುಗಿಸಿದ ಹೊಸ ಹುರುಪು ಬೇರೆ. ಅವನ ವಾದ ಹೀಗೆ: ಮೈಲ್ಡ್ ಸ್ಟೀಲ್ ಕಂಬಿಯನ್ನು ಯುಟಿಎಮ್‌ಗೆ ಕಚ್ಚಿಸಿ ಯೀಲ್ಡ್ ಪಾಯಿಂಟ್ ದಾಟಿ ಎಳೀರಿ. ಬಿಟ್ಟು ಮತ್ತೆ ಎಳೀರಿ. ಎರಡನೇ ಸಲ ಅದು ಬಗ್ಗೋದಕ್ಕೆ ಹೆಚ್ಚು ಬಲ ಬೇಕು, ಯಾಕೆಂದರೆ ಒಳಗಿನ ಡಿಸ್‌ಲೊಕೇಶನ್‌ಗಳು ಒಂದಕ್ಕೊಂದು ಸಿಕ್ಕಾಕ್ಕೊಂಡಿವೆ. ಇದು ವರ್ಕ್ ಹಾರ್ಡನಿಂಗ್. ಅದೇ ಕಂಬಿಯನ್ನು ಕುಲುಮೆಯಲ್ಲಿ ಕಾಯಿಸಿ ನಿಧಾನವಾಗಿ ತಣಿಸಿದರೆ ಅನೀಲಿಂಗ್. ಸಿಕ್ಕುಗಳೆಲ್ಲ ಬಿಡಿಸಿಕೊಂಡು ಕಂಬಿ ಮತ್ತೆ ಮೆತ್ತಗಾಗುತ್ತದೆ. “ಹೀಲಿಂಗ್ ಅಂದ್ರೆ ಮೊದಲಿನ ಹಾಗೆ ಮಾಡೋದು ತಾನೇ? ಹಾಗಾದ್ರೆ ಉಸಾತೊ ಪ್ರತಿ ರಾತ್ರಿ ಅನೀಲ್ ಆಗ್ಬೇಕು. ನೂರು ದಿನ ಓಡಿದ್ರೂ ನೂರನೇ ದಿನ ಅದೇ ಮೊದಲನೇ ದಿನದ ಉಸಾತೊ.”

ಒಂದು ನಿಮಿಷ ಎಲ್ಲರೂ ಸುಮ್ಮನಾದೆವು. ವಾದ ಬಲವಾಗಿಯೇ ಇತ್ತು.

ಬಿಡಿಸಿದ್ದು ಬಯೋಟೆಕ್‌ನವನು. ಮೈ ಕಂಬಿಯಲ್ಲ ಅಂದ. ಕಂಬಿಗೆ ತನಗೆ ಏನಾಯಿತು ಅನ್ನೋದು ತಿಳಿಯೋಲ್ಲ, ಮೂಳೆಗೆ ತಿಳಿಯುತ್ತದೆ. ಭಾರ ಬಿದ್ದ ಕಡೆ ಮೂಳೆ ತನ್ನನ್ನು ತಾನೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ, ಭಾರ ಬೀಳದ ಕಡೆ ಕರಗುತ್ತೆ. ಇದನ್ನು 1892ರಲ್ಲೇ ಜರ್ಮನಿಯ ಸರ್ಜನ್ ಜೂಲಿಯಸ್ ವೂಲ್ಫ್ ಬರೆದಿಟ್ಟಿದ್ದಾರೆ. ಅಂತರಿಕ್ಷದಲ್ಲಿ ಭಾರವೇ ಇಲ್ಲದೆ ಇರುವ ಗಗನಯಾತ್ರಿಗಳು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಮೂಳೆ ಸಾಂದ್ರತೆ ಕಳೆದುಕೊಳ್ಳಬಹುದು. ಅದಕ್ಕೇ ಅಲ್ಲಿ ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮ. ಸ್ನಾಯುವೂ ಅಷ್ಟೇ, ಜಿಮ್‌ನಲ್ಲಿ ಬೆಳೆಯೋದಲ್ಲ. ಜಿಮ್‌ನಲ್ಲಿ ದಣಿಯುತ್ತೆ, ಆಮೇಲಿನ ಊಟ, ನಿದ್ದೆ, ವಿಶ್ರಾಂತಿಯಲ್ಲಿ ಮೊದಲಿಗಿಂತ ಸ್ವಲ್ಪ ಹೆಚ್ಚಾಗಿ ಬೆಳೆಯುತ್ತೆ. “ಉಸಾತೊ ಮ್ಯಾಜಿಕ್ ಮೊದಲಿನ ಹಾಗೆ ಮಾಡೋದಿಲ್ಲ. ಎರಡು ದಿನದ ರೆಸ್ಟನ್ನ ಎರಡು ನಿಮಿಷಕ್ಕೆ ಇಳಿಸುತ್ತೆ, ಅಷ್ಟೇ.”

ಇಲ್ಲಿ ಕನ್ನಡ ನಮ್ಮ ನೆರವಿಗೆ ಬಂತು. ಗಾಯ ವಾಸಿಯಾಯಿತು ಅನ್ನೋದಕ್ಕೆ ಮನೆಗಳಲ್ಲಿ ಅನ್ನೋದು ‘ಗಾಯ ಮಾಯ್ತು’ ಅಂತ. ಗಾಯ ಕಾಣದೇ ಹೋಯಿತು ಅಂದರೆ ‘ಮಾಯವಾಯ್ತು’. ಕಿವಿಗೆ ಒಂದೇ ಥರ, ಅರ್ಥದಲ್ಲಿ ತುಂಬಾ ದೂರ. ಮಾಯೋದಕ್ಕೆ ಹೊತ್ತು ಬೇಕು. ಹೆಕ್ಕಳ ಕಟ್ಟಬೇಕು, ಕೆರೀಬಾರದು ಅಂತ ಅಜ್ಜಿ ಗದರಿಸಬೇಕು, ಕೊನೆಗೆ ಕಲೆ ಉಳಿಯಬೇಕು. ಮಾಯವಾಗೋದಕ್ಕೆ ಇದ್ಯಾವುದೂ ಬೇಡ, ಆದರೆ ಮೈಗೆ ನೆನಪೂ ಉಳಿಯೋಲ್ಲ. ಮೆಕ್ಯಾನಿಕಲ್‌ನವನ ಅನೀಲಿಂಗ್ ಅಂದರೆ ಮಾಯವಾಗೋದು. ಬಯೋಟೆಕ್‌ನವನ ಮೂಳೆ ಅಂದರೆ ಮಾಯೋದು. ಹೀಲಿಂಗ್ ಮ್ಯಾಜಿಕ್‌ಗೆ ‘ಮಾಯಿಸುವ ಮಾಯೆ’ ಅನ್ನಬಹುದು ಅಂತ ಆ ರಾತ್ರಿ ತೀರ್ಮಾನಿಸಿದೆವು. ಮೆಕ್ಯಾನಿಕಲ್‌ನವನು ಇನ್ನೂ ಪೂರ್ತಿ ಒಪ್ಪಿಲ್ಲ. ‘ಪಾರ್ಷಿಯಲಿ ಅಕ್ಸೆಪ್ಟೆಡ್’ ಅಂತ ಬರೆಯಿರಿ ಅಂದಿದ್ದಾನೆ, ಬರೆದಿದ್ದೇವೆ.

ನಾಲ್ಕನೆಯದು ಬರೀ ಅಭಿಪ್ರಾಯಕ್ಕೆ ನಿಲ್ಲುವ ವಿಷಯವಲ್ಲ: ರೋಸ್ ಮಾಡೋದು ರ‍್ಯಾಗಿಂಗ್ ಅಲ್ಲವಾ? ಹೊತ್ತೊಯ್ಯೋದು, ಬೈಯ್ಯೋದು, ಹೊಡೆಯೋದು, ಕಾಡಿನಲ್ಲಿ ಒಬ್ಬನನ್ನೇ ಬಿಟ್ಟು ಬರೋದು. ನಾವು ಪುಟ ತಿರುಗಿಸುತ್ತಾ ನಗುತ್ತೇವೆ, ಉಸಾತೊ ಮುಖ ದಿನೇ ದಿನೇ ರೋಸ್ ಮುಖದ ಥರ ರಾಕ್ಷಸನಂತಾಗೋದು ಮಾಂಗಾದ ಬೆಸ್ಟ್ ಜೋಕ್ ಕೂಡ. ಆದರೆ ಅಡ್ಮಿಷನ್ ಹೊತ್ತಿಗೆ ನಾವೂ ನಮ್ಮ ಮನೆಯವರೂ ಸಹಿ ಹಾಕಿದ ಆ್ಯಂಟಿ ರ‍್ಯಾಗಿಂಗ್ ಅಫಿಡವಿಟ್ ನೆನಪಿದೆಯಲ್ಲ, 2009ರ ಯುಜಿಸಿ ನಿಯಮದ ಪ್ರಕಾರ ಬಂದದ್ದು? ಅದನ್ನು ಹಿಡಿದು ಓದಿದರೆ ಮೊದಲ ಅಧ್ಯಾಯದಲ್ಲೇ ರೋಸ್ ಮೇಲೆ ಕಂಪ್ಲೇಂಟ್ ಕೊಡಬಹುದು. “ನಿನ್ನ ಗಟ್ಟಿ ಮಾಡೋಕೇ ಮಾಡ್ತಿರೋದು” ಅನ್ನೋ ಮಾತು ಎಲ್ಲ ಕಾಲೇಜಲ್ಲೂ ಯಾವನೋ ಒಬ್ಬ ಸೀನಿಯರ್ ಹೇಳಿರುತ್ತಾನೆ.

ಸಿಎಸ್‌ನವನು ರೋಸ್ ಪರ. ಅವಳು ತಾನು ಮಾಡದ್ದನ್ನು ಅವನಿಗೆ ಹೇಳೋದಿಲ್ಲ, ಯುದ್ಧದಲ್ಲಿ ಅವನಿಗಿಂತ ಮುಂದೆ ಓಡೋದು ಅವಳೇ ಅಂದ. ಇಸಿಯವಳು ವಿರುದ್ಧ. ಉಸಾತೊಗೆ ‘ಬೇಡ’ ಅನ್ನೋ ಆಯ್ಕೆಯೇ ಇರಲಿಲ್ಲ, ಅಲ್ಲಿಗೆ ಮುಗೀತು ಅಂದಳು. ಕೊನೆಗೆ ಐವರೂ ಒಪ್ಪಿದ ಅಳತೆಗೋಲು ಇದು. ಗುರುವಿಗೆ ಶಿಷ್ಯ ತನಗಿಂತ ಮೇಲೆ ಬರಬೇಕು, ಬದುಕಿ ಬರಬೇಕು ಅನ್ನೋ ಆಸೆ. ರ‍್ಯಾಗಿಂಗ್ ಮಾಡೋನಿಗೆ ಜೂನಿಯರ್ ಕೆಳಗೇ ಇರಬೇಕು ಅನ್ನೋ ಆಸೆ. ಕಥೆಯೊಳಗೆ ರೋಸ್ ಮೊದಲನೇ ಥರದವಳು. ಕಥೆಯ ಹೊರಗೆ, ಗಾಯವನ್ನು ಎರಡು ನಿಮಿಷದಲ್ಲಿ ಮಾಯಿಸೋ ಹಸಿರು ಬೆಳಕು ಯಾರ ಕೈಯಲ್ಲೂ ಇಲ್ಲ. ಆದ್ದರಿಂದ ರೋಸ್‌ಳ ಪಾಠಕ್ರಮ ಹಾಸ್ಟೆಲ್‌ಗೆ ಅನ್ವಯಿಸೋಲ್ಲ.

ಐದನೆಯ ಅಭಿಪ್ರಾಯ ಸಿವಿಲ್‌ನವಳದು. ಅವಳು ಮೊದಲ ವಾರ ಇದನ್ನು ಓದಲೇ ಇಲ್ಲ. “ಹೀಲರ್ ಕಥೆ ನಂಗೆ ಆಗಲ್ಲ” ಅಂದಿದ್ದಳು. ಅವಳಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. 2021ರ ಎರಡನೇ ಅಲೆಯಲ್ಲಿ, ಇವಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುತ್ತೋ ಇಲ್ಲವೋ ಅಂತ ದಿನಾ ಸುದ್ದಿ ಬದಲಾಗುತ್ತಿದ್ದ ತಿಂಗಳುಗಳಲ್ಲಿ, ಅಮ್ಮ ಡ್ಯೂಟಿ ಮುಗಿಸಿ ಬಂದರೆ ಹಿತ್ತಲಲ್ಲಿ ಸ್ನಾನ, ವರಾಂಡದಲ್ಲಿ ಚಾಪೆ, ಕಿಟಕಿಯಿಂದ ತಟ್ಟೆ. ಒಂದೂವರೆ ತಿಂಗಳು ಅಮ್ಮ ಮಗಳು ಕಿಟಕಿ ಸರಳಿನ ಆಚೆ ಈಚೆ ಕೂತು ಮಾತಾಡಿದರು. “ಎಲ್ರೂ ನಮ್ಮಮ್ಮನ್ನ ದೇವರು ಅಂದ್ರು. ಊಟ ಆಯ್ತಾ ಸಿಸ್ಟರ್ ಅಂತ ಒಬ್ರೂ ಕೇಳ್ಲಿಲ್ಲ. ದೇವರು ಅಂದ್ಬಿಟ್ರೆ ಊಟ ಕೇಳೋ ಅಗತ್ಯ ಇರಲ್ಲ ನೋಡು.”

ಈ ಮಾತಿಗೆ ನಾವು ಯಾರೂ ಏನೂ ಸೇರಿಸಲಿಲ್ಲ. ಈಗಲೂ ಸೇರಿಸೋಲ್ಲ.

ಅವಳು ಕೊನೆಗೆ ಓದಿದ್ದು ರೋಸ್‌ಗಾಗಿ. ಅವಳಿಗೆ ಇಷ್ಟವಾದದ್ದು ರೋಸ್ ಮೆತ್ತಗೆ ಮಾತಾಡದೇ ಇರೋದು. “ನರ್ಸ್ ಅಂದ್ರೆ ಸದಾ ನಗ್ತಾ ಇರೋರು ಅನ್ಕೊಂಡಿದೀರಾ? ಒಂದು ದಿನ ವಾರ್ಡ್‌ನಲ್ಲಿ ನಿಂತು ನೋಡಿ. ನಮ್ಮಮ್ಮ ಗದರಿಸೋದು ಕೇಳಿದ್ರೆ ರೋಸ್ ಸಾಫ್ಟ್ ಅನ್ನಿಸ್ತಾಳೆ.” ಮುಂದೆ ರೋಸ್‌ಳ ಹಿಂದಿನ ಕಥೆ ಬರುತ್ತದೆ. ಹಿಂದೆ ಅವಳು ಸೈನ್ಯದಲ್ಲಿ ನಾಯಕಿ, ಕೈಕೆಳಗಿನವರನ್ನು ಒಂದು ಹೋರಾಟದಲ್ಲಿ ಕಳೆದುಕೊಂಡವಳು, ಒಂದು ಕಣ್ಣನ್ನೂ ಕಳೆದುಕೊಂಡವಳು. ವಾಸಿ ಮಾಡೋ ಶಕ್ತಿ ಕೈಯಲ್ಲೇ ಇದ್ದೂ ಅವರನ್ನು ಉಳಿಸಿಕೊಳ್ಳೋಕಾಗಲಿಲ್ಲ. ಅದಾದಮೇಲೆ ಅವಳು ಕಟ್ಟಿದ ದಳ ಇದು. ಸಾಯದಂಥವರು ಬೇಕು ಅವಳಿಗೆ. ಸಿವಿಲ್‌ನವಳ ಓದಿನಲ್ಲಿ ಇಡೀ ಮಾಂಗಾ ಇರೋದು ಇದರಲ್ಲೇ: ಬೇರೆಯವರನ್ನು ಉಳಿಸೋಕೆ ನೀನು ಸಾಯಿ ಅಂತ ರೋಸ್ ಯಾವತ್ತೂ ಹೇಳೋದಿಲ್ಲ. ನೀನು ಮೊದಲು ಉಳಿ ಅನ್ನುತ್ತಾಳೆ. ತ್ಯಾಗ ಮಾಡೋ ಹೀಲರ್‌ಗಳ ಕಥೆ ಬೇಕಾದಷ್ಟಿವೆ, ಉಳಿಯೋ ಹೀಲರ್‌ನ ಕಥೆ ಕಮ್ಮಿ.

ಆರನೆಯದು ನಿಜಕ್ಕೂ ಅಭಿಪ್ರಾಯವಲ್ಲ, ಒಂದು ಪ್ರಶ್ನೆ. ಕೇಳಿದ್ದು ಸಿಎಸ್‌ನವನು. “ಉಸಾತೊಗೆ ಒಂದಿನ ಹಸಿರು ಲೈಟ್ ಬರದೇ ಹೋದ್ರೆ?”

ನಾವು ಪ್ಲಾಟ್ ಬಗ್ಗೆ ಅಂದುಕೊಂಡು ಥಿಯರಿ ಹೇಳತೊಡಗಿದೆವು. ಅವನು ಪ್ಲಾಟ್ ಬಗ್ಗೆ ಕೇಳಿರಲಿಲ್ಲ. ಎರಡು ತಿಂಗಳಿಂದ ಒಬ್ಬ ಮೊದಲ ವರ್ಷದ ಹುಡುಗ ಅವನಿಗೆ ರಾತ್ರಿ ಒಂದು ಗಂಟೆ, ಎರಡು ಗಂಟೆಗೆ ಫೋನ್ ಮಾಡುತ್ತಿದ್ದ. ಹಳ್ಳಿಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿ ಒಳ್ಳೆ ಮಾರ್ಕ್ಸ್ ತಗೊಂಡು ಬಂದವನು. ಇಲ್ಲಿ ಕ್ಲಾಸಲ್ಲಿ ಹೇಳೋದು ಕೇಳಿಸುತ್ತೆ, ಅರ್ಥ ಆಗಲ್ಲ. ಎರಡು ಸಬ್ಜೆಕ್ಟ್ ಬ್ಯಾಕ್. ದಿನಾ ರಾತ್ರಿ ಅದೇ ಮಾತು: ವಾಪಸ್ ಹೋಗ್ತೀನಿ, ಅಪ್ಪನಿಗೆ ಏನು ಹೇಳಲಿ. ಸಿಎಸ್‌ನವನು ದಿನಾ ಮಾತಾಡಿ ಅವನನ್ನು ಮಲಗಿಸಿ, ತಾನು ಎದ್ದಿರುತ್ತಿದ್ದ. ಆಟದಲ್ಲೂ ಸೇಜ್, ಹಾಸ್ಟೆಲ್‌ನಲ್ಲೂ ಸೇಜ್.

ಪರಿಹಾರ ಮಾಂಗಾದಲ್ಲೇ ಇತ್ತು, ಇಸಿಯವಳು ಮೊದಲೇ ತೋರಿಸಿದ್ದಳು. ಹೊರೋರು ಬೇರೆ, ವಾಸಿ ಮಾಡೋರು ಬೇರೆ, ಓಡೋರು ಬೇರೆ. ಮೂರನ್ನೂ ಒಬ್ಬನೇ ಮಾಡಲಿ ಅಂತ ಯಾರಿಗೂ ಹೇಳೋದಿಲ್ಲ, ರೋಸ್ ಕೂಡ. ಜೂನಿಯರ್ ಒಪ್ಪಿಗೆ ಕೇಳಿ ಕೆಲಸ ಹಂಚಿಕೊಂಡೆವು. ಮ್ಯಾಥ್ಸ್ ಮೆಕ್ಯಾನಿಕಲ್‌ನವನಿಗೆ, ಪೂರ್ತಿ ಕನ್ನಡದಲ್ಲಿ, ವಾರಕ್ಕೆ ಮೂರು ಸಂಜೆ. ಇಂಟಿಗ್ರೇಷನ್ ಅನ್ನು ‘ಚೂರು ಚೂರು ಸೇರಿಸಿ ಕೂಡೋದು’ ಅಂತ ಹೇಳಿದಾಗ ಆ ಹುಡುಗ ನಕ್ಕನಂತೆ. ಇಸಿಯವಳು ಅವನ ಜೊತೆ ಮೆಂಟರ್ ಹತ್ತಿರ ಹೋದಳು. ಸಿವಿಲ್‌ನವಳು ಕೌನ್ಸೆಲರ್ ಅಪಾಯಿಂಟ್‌ಮೆಂಟ್ ತಗೊಂಡು ಬಾಗಿಲ ತನಕ ಬಿಟ್ಟು ಬಂದಳು. “ನಿದ್ದೆ ಇಲ್ಲದೆ ಎರಡು ತಿಂಗಳು ಅಂದ್ರೆ ಫ್ರೆಂಡ್ಸ್ ಮಾಯಿಸೋ ಗಾಯ ಅಲ್ಲ ಅದು, ಕಲಿತವರು ನೋಡ್ಬೇಕು” ಅಂತ ಅವಳೇ ಹೇಳಿದ್ದು. ರಾತ್ರಿ ಫೋನ್ ಬಂದರೆ ಐವರಲ್ಲಿ ಆ ದಿನ ಯಾರ ಪಾಳಿಯೋ ಅವರು ಎತ್ತೋದು. ಸಿಎಸ್‌ನವನಿಗೆ ಒಂದು ತಿಂಗಳು ಪಾಳಿಯೇ ಇಲ್ಲ.

ಇದು ಪವಾಡದ ಕಥೆಯಲ್ಲ. ಎರಡು ಬ್ಯಾಕ್‌ನಲ್ಲಿ ಒಂದು ಕ್ಲಿಯರ್ ಆಗಿದೆ, ಇನ್ನೊಂದು ಇದೆ. ಹುಡುಗ ಇಲ್ಲೇ ಇದ್ದಾನೆ. ಇದನ್ನು ಬರೆಯೋಕೆ ಒಪ್ಪಿದ್ದಾನೆ, “ಮಾಂಗಾ ನಂಗೂ ಕೊಡಿ” ಅಂತಲೂ ಕೇಳಿದ್ದಾನೆ. ಸಿಎಸ್‌ನವನು ಹನ್ನೊಂದೂವರೆಗೆ ಮಲಗುತ್ತಾನೆ. ಗೊರಕೆ ಹೊಡೆಯುತ್ತಾನೆ ಅಂತ ರೂಮ್‌ಮೇಟ್ ದೂರು.

ಏಳನೆಯದು, ಮಾಂಗಾದ ಕೊರತೆ. ಬರೀ ಹೊಗಳಿದರೆ ನಂಬೋಲ್ಲ ನೀವು. ಶುರು ತೀರಾ ಮಾಮೂಲಿ. ಬೇರೆ ಲೋಕಕ್ಕೆ ಎಳೆದೊಯ್ಯುವ ಕಥೆ ನೂರು ಓದಿದವರಿಗೆ ಮೊದಲ ಅಧ್ಯಾಯ ನೂರಾ ಒಂದನೆಯದು. ಸುಝುನೆ ಮಿಂಚು ಹೊಡೆಯೋ ವೀರೆ, ಅವಳನ್ನು ಉಸಾತೊ ಹಿಂದೆ ಸುತ್ತೋ ಜೋಕ್‌ಗೇ ಹೆಚ್ಚು ಬಳಸಿದ್ದಾರೆ ಅಂತ ಹುಡುಗಿಯರಿಬ್ಬರ ಆಕ್ಷೇಪ. ಎದುರು ಸೈನ್ಯ ಯಾಕೆ ಯುದ್ಧಕ್ಕೆ ಬಂತು ಅನ್ನೋದು ಶುರುವಿನಲ್ಲಿ ತೆಳು. ಬ್ಲ್ಯಾಕ್ ನೈಟ್ ಜೊತೆಗಿನ ಹೋರಾಟದ ಬಗ್ಗೆ ಮಾತ್ರ ಭಿನ್ನಮತ ಉಳಿದಿದೆ. ಆ ಯೋಧನಿಗೆ ಕೊಟ್ಟ ಏಟಿನ ಗಾಯ ಕೊಟ್ಟವನಿಗೇ ವಾಪಸ್ ಬರುತ್ತದೆ. ಉಸಾತೊ ಹೊಡೆಯುತ್ತಲೇ ವಾಸಿ ಮಾಡುತ್ತಾನೆ. ಏಟು ತಗಲುತ್ತೆ, ಗಾಯ ಇಲ್ಲ, ಆದ್ದರಿಂದ ವಾಪಸ್ ಬರೋಕೆ ಏನೂ ಇಲ್ಲ. ಸಿಎಸ್ ಇದನ್ನು ‘ಶುದ್ಧ ಎಡ್ಜ್ ಕೇಸ್, ಸೂಪರ್’ ಅನ್ನುತ್ತಾನೆ. ಮೆಕ್ಯಾನಿಕಲ್‌ಗೆ ಮತ್ತೆ ಕೋಪ. ಮೊಮೆಂಟಮ್ ಎಲ್ಲಿಗೆ ಹೋಯ್ತು ಅಂತ ಕೇಳುತ್ತಿದ್ದಾನೆ.

ಉತ್ತರ ಗೊತ್ತಿದ್ದವರು ಶುಕ್ರವಾರ ಸಂಜೆ ಕನ್ನಡ ಸಂಘದ ರೂಮಿಗೆ ಬನ್ನಿ. ಮಾಂಗಾ ಬಲದಿಂದ ಎಡಕ್ಕೆ ಓದಬೇಕು, ಅಭ್ಯಾಸ ಇಲ್ಲದಿದ್ದರೆ ಹೇಳಿಕೊಡುತ್ತೇವೆ. ಶೀರ್ಷಿಕೆಗೆ ಒಳ್ಳೆಯ ಕನ್ನಡ ಸಿಕ್ಕರೆ ಅದನ್ನೂ ತನ್ನಿ. ಮತ್ತೆ, ನಿಮ್ಮ ಗುಂಪಿನಲ್ಲೂ ಒಬ್ಬ ಸೇಜ್ ಇರುತ್ತಾನೆ ಅಥವಾ ಇರುತ್ತಾಳೆ. ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ. ಊಟ ಆಯ್ತಾ ಅಂತ ನಾವು ಕೇಳುತ್ತೇವೆ.